ಮನೆಯಲ್ಲೇ ಟೈರಿಗೆ ಗಾಳಿ: ಇನ್ವರ್ಟರ್ ಬ್ಯಾಟರಿಯ ದಾರಿ

ನಮ್ಮ ಮನೆಯಿಂದ ತೀರ್ಥಹಳ್ಳಿಯ ಪೆಟ್ರೋಲ್ ಬಂಕಿಗೆ ಹನ್ನೊಂದು ಕಿಲೋಮೀಟರ್. ಬೆಳಿಗ್ಗೆ ಅಂಗಳದಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಕಾರಿನ ಟೈರು ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿಯಾಗಿ, ಇರಬೇಕಾದ 33 ಅನ್ನೇ ತೋರಿಸುತ್ತಿತ್ತು. ಎಲ್ಲ ಸರಿಯಿದೆಯೆಂದು ಹಿಂದಿರುಗುತ್ತಿದ್ದೆ. ಇದು ಅರ್ಥವಾದ ಮೇಲೆಯೇ ಸುಮಾರು 1,900 ರೂಪಾಯಿ ಕೊಟ್ಟು ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಗಾಳಿ ಯಂತ್ರವೊಂದನ್ನು ತರಿಸಿದೆ. ಪಂಕ್ಚರ್ ಅಂಗಡಿಯವರು ಅದನ್ನು ಕೈಯಲ್ಲಿ ತೂಗಿ ನೋಡಿ, ಬಲೂನಿಗಾದರೆ ಆದೀತು ಎಂದರು.

ಕಾರು ವಾರದಲ್ಲಿ ಐದು ದಿನ ಮಗನ ಬಳಿ ಇರುವುದರಿಂದ, ಸ್ಕೂಟರಿಗೂ ತೋಟದ ಕೈಗಾಡಿಗೂ ಮನೆಯ ಕರೆಂಟಿನಿಂದಲೇ ಗಾಳಿ ಹಾಕಬೇಕಿತ್ತು. ಹಳೆಯ ರೂಟರಿನ 2 ಆಂಪಿಯರ್ ಅಡಾಪ್ಟರನ್ನು ಜೋಡಿಸಿದಾಗ ಯಂತ್ರ ಒಮ್ಮೆ ಮುಲುಗಿತು, ಅಡಾಪ್ಟರ್ ಶಾಶ್ವತವಾಗಿ ಮಲಗಿತು. ಬಳಿಕ ಏಳುನೂರು ರೂಪಾಯಿಯ 10 ಆಂಪಿಯರ್ ಅಡಾಪ್ಟರ್ ತಂದೆ. ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟನ್ನು ಅದೂ ತಾಳಲಿಲ್ಲ. ಪ್ರತಿ ಸಲ ಕೈಕೊಟ್ಟು ಆಫ್ ಆಗುತ್ತಿತ್ತು.

ಮೆಟ್ಟಿಲ ಕೆಳಗಿನ ಇನ್ವರ್ಟರ್ ಬ್ಯಾಟರಿ ಆಗ ಕಣ್ಣಿಗೆ ಬಿತ್ತು. 150 ಆಂಪಿಯರ್-ಅವರ್ ಬ್ಯಾಟರಿಯಿಂದ ಹತ್ತು ನಿಮಿಷಕ್ಕೆ ಖರ್ಚಾಗುವುದು ಹೆಚ್ಚೆಂದರೆ ಎರಡು. ಆದರೆ ಹತ್ತು ಮೀಟರ್ ದೂರದ ಅಂಗಳಕ್ಕೆ ಮನೆಯಲ್ಲಿದ್ದ 1 ಚದರ ಮಿಲಿಮೀಟರ್ ವೈರನ್ನು ಎಳೆದು ತಪ್ಪು ಮಾಡಿದೆ. ಯಂತ್ರದ ತುದಿಯಲ್ಲಿ ಮೀಟರ್ ಹಿಡಿದಾಗ ಮೂರು ವೋಲ್ಟಿಗೂ ಹೆಚ್ಚು ವೈರಿನಲ್ಲೇ ಕರಗಿತ್ತು, ಮೋಟಾರು ಎತ್ತಿನ ಗಾಡಿಯಂತೆ ತೆವಳುತ್ತಿತ್ತು. 4 ಚದರ ಮಿಲಿಮೀಟರ್ ವೈರಿಗೆ ಸಾವಿರದ ಇನ್ನೂರರಷ್ಟು ತೆತ್ತು, ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಕೂರಿಸಿದ ಮೇಲೆ, 25ರಿಂದ 33ಕ್ಕೆ ಒಂದು ಕಾರಿನ ಟೈರು ನಾಲ್ಕು ನಿಮಿಷದೊಳಗೆ ಏರತೊಡಗಿತು. ಎರಡು ಟೈರಿಗೊಮ್ಮೆ ಕಾಲು ಗಂಟೆ ವಿಶ್ರಾಂತಿ ಕೊಡುತ್ತೇನೆ. ಎರಡು ಟೈರು ಮುಗಿಯುವಷ್ಟರಲ್ಲಿ ಹೋಸಿನ ಹಿತ್ತಾಳೆಯ ತುದಿ ಕೈ ಸುಡುವಷ್ಟಾಗಿರುತ್ತದೆ.

ಯಂತ್ರದ ಅಂಕಿಯನ್ನು ನಾನು ನಂಬುವುದಿಲ್ಲ. ಗಾಳಿ ನುಗ್ಗುತ್ತಿರುವಾಗ 33 ಎನ್ನುವುದು, ನಿಲ್ಲಿಸಿ ನಾನೂರು ರೂಪಾಯಿಯ ಮುಳ್ಳಿನ ಗೇಜಿನಲ್ಲಿ ನೋಡಿದರೆ 31. ಹಾಗಾಗಿ 35ಕ್ಕೆ ಹೊಂದಿಸಿ ಬಿಡುತ್ತೇನೆ. ಹೋಸನ್ನು ತಿರುಗಿಸಿ ಬಿಚ್ಚುವಾಗ ಬುಸ್ಸೆಂದು ಹೋಗುವ ಗಾಳಿಯನ್ನು ತಡೆಯಲು ನನ್ನದೇ ಒಂದು ಕೈಚಳಕವಿದೆ, ಅದು ನನ್ನಲ್ಲೇ ಇರಲಿ.

ಕುತೂಹಲಕ್ಕೆ ಒಂದು ದಿನ ಕಾರನ್ನು ಅರ್ಧ ನೆರಳಿನಲ್ಲಿ ನಿಲ್ಲಿಸಿ ಅಳೆದೆ. ಬಿಸಿಲಿನ ಬದಿಯ ಟೈರುಗಳಲ್ಲಿ ಎರಡು ಪಿಎಸ್‌ಐ ಹೆಚ್ಚಿತ್ತು. ಅಂದಿನಿಂದ ಅಳತೆಯೆಲ್ಲ ಬೆಳಗಿನ ಕಾಫಿಗೆ ಮುಂಚೆಯೇ. ರಿಮ್ಮಿನಿಂದ ಜಾರಿದ ಕೈಗಾಡಿಯ ಟ್ಯೂಬ್‌ಲೆಸ್ ಟೈರನ್ನು ಹಗ್ಗ ಬಿಗಿದು ಕೂರಿಸಲು ನೋಡಿದ್ದು ಮಾತ್ರ ಸಂಪೂರ್ಣ ಸೋಲು. ಅಷ್ಟು ಗಾಳಿಯನ್ನು ಒಮ್ಮೆಲೇ ತಳ್ಳುವ ತಾಕತ್ತು ಈ ಯಂತ್ರಕ್ಕಿಲ್ಲ.

ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಅಂಕಿಗಳಿಂದ ನಾಲ್ಕನೆಯ ತಿಂಗಳಲ್ಲಿ ಒಂದು ಸಂಗತಿ ಹೊರಬಿತ್ತು. ಉಳಿದ ಮೂರು ಟೈರು ತಿಂಗಳಿಗೆ ಒಂದು ಪಿಎಸ್‌ಐ ಇಳಿದರೆ, ಹಿಂದಿನ ಎಡಗಡೆಯದು ವಾರಕ್ಕೆ ಎರಡು ಇಳಿಯುತ್ತಿತ್ತು. ವಾಲ್ವಿನ ಬಾಯಿಗೆ ಸೋಪಿನ ನೀರು ಬಿಟ್ಟೆ. ಸಾಸಿವೆ ಗಾತ್ರದ ಗುಳ್ಳೆಯೊಂದು ನಿಧಾನವಾಗಿ ಉಬ್ಬಿ ಒಡೆಯಿತು. ಇಪ್ಪತ್ತು ರೂಪಾಯಿಯ ವಾಲ್ವ್ ಪಿನ್ನು ಬದಲಿಸಿದೆ, ಸೋರಿಕೆ ನಿಂತಿತು. ಅದೇ ಟೈರನ್ನು ಅದಕ್ಕೂ ಮೊದಲು ಎರಡು ಬಾರಿ ಬಿಚ್ಚಿ, ಪಂಕ್ಚರ್ ಇಲ್ಲವೆಂದು ಹೇಳಿ, ನೂರೈವತ್ತರಂತೆ ಎಣಿಸಿಕೊಂಡವರು ಆ ಬಲೂನಿನ ಮಾತಾಡಿದ ಮಹಾಶಯರೇ.