ಮುಟ್ಟಿನ ನೋವಿಗೊಂದು ಕನ್ನಡ ಹಾಳೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ನಾನು ನರ್ಸ್. ಇಲ್ಲಿ ಮನೆಮಾತು ತುಳುವೋ ಕನ್ನಡವೋ, ಸರ್ಕಾರಿ ಕಾಗದ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿ. ಎಂಡೋಮೆಟ್ರಿಯೋಸಿಸ್ ಬಗ್ಗೆ ಏನಾದರೂ ಮಾಡಬೇಕು ಎಂದಾಗ ನಾವು ಭಾಷಣ ಇಟ್ಟುಕೊಳ್ಳಲಿಲ್ಲ. ಆಶಾ ಕಾರ್ಯಕರ್ತೆಯರ ಜೊತೆ ಕೂತು ಒಂದು ಹಾಳೆ ಮಾಡಿದೆವು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ, ಅಂಡಾಶಯ, ಕರುಳು, ಮೂತ್ರಚೀಲದ ಮೇಲೆಲ್ಲ ಬೆಳೆಯುವುದು ಈ ಕಾಯಿಲೆ. ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10% ಮಂದಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ ನಮಗೆ ಸಿಕ್ಕ ಉತ್ತರ, "ಮುಟ್ಟು ಅಂದ್ಮೇಲೆ ನೋವಿಲ್ಲದೆ ಉಂಟಾ ಸಿಸ್ಟರ್?"

ಹಾಳೆಯಲ್ಲಿ ತಾರೀಕು, ಸ್ರಾವ ಇತ್ತೇ, ನೋವು 0ರಿಂದ 10ರೊಳಗೆ ಎಷ್ಟು, ಯಾವ ಮಾತ್ರೆ ನುಂಗಿದಿರಿ, ಅದರಿಂದ ಕಡಿಮೆಯಾಯಿತೇ, ಕೆಲಸ ತಪ್ಪಿತೇ ಎಂಬ ಕಾಲಂಗಳಿವೆ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತಾಗ ನೋವಾಗುತ್ತದೆಯೇ ಎಂಬುದನ್ನೂ ಸೇರಿಸಿದೆವು. ಇದು ಮುಖ್ಯ ಸುಳಿವು, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಗಂಡನ ಜೊತೆ ಸೇರುವಾಗಿನ ನೋವಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇ ಇಲ್ಲ. ಟಿಕ್ ಹಾಕಲು ಒಂದು ಚೌಕ ಬಿಟ್ಟೆವು. ಅತ್ತೆ ಪಕ್ಕದಲ್ಲೇ ಕೂತಿದ್ದರೂ ಟಿಕ್ ಬಿತ್ತು! ಪ್ರತಿ ಸಾಲಿನ ಕೆಳಗೆ ಮಲಯಾಳವನ್ನೂ ಬರೆಸಿದೆವು, ಓದುವ ಡಾಕ್ಟರಿಗೆ ಕನ್ನಡ ಬರಬೇಕಲ್ಲ.

ಇದರಿಂದ ಜಾಸ್ತಿ ಉಪಯೋಗವಾದದ್ದು "ಸ್ಕ್ಯಾನಿಂಗ್ ನಾರ್ಮಲ್" ಎಂದು ವಾಪಸು ಬಂದವರಿಗೆ. ಚಾಕಲೇಟ್ ಸಿಸ್ಟ್, ಅಂದರೆ ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಡ್ಡೆ, ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಹೊಟ್ಟೆಯ ಒಳಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಕಾಣದೇ ಇರಬಹುದು. 2022ರ ಯುರೋಪಿನ ಮಾರ್ಗಸೂಚಿಯೂ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವುದು) ಆಗುವವರೆಗೆ ಕಾಯದೆ ಲಕ್ಷಣ ನೋಡಿಯೇ ಔಷಧಿ ಶುರು ಮಾಡಬಹುದು ಎನ್ನುತ್ತದೆ. ಕೆಲವು ತಿಂಗಳ ಹಾಳೆ ಕೈಯಲ್ಲಿದ್ದರೆ ಮಂಗಳೂರಿನ ಒಪಿಯಲ್ಲಿ ಸಿಗುವ ಆ ಐದು ನಿಮಿಷ ಸುಮ್ನೆ ಹೋಗುವುದಿಲ್ಲ. "ಮದುವೆಯಾದ್ರೆ ಸರಿಹೋಗುತ್ತೆ" ಎಂದು ಕಳಿಸುವುದೂ ಅಷ್ಟು ಸುಲಭವಲ್ಲ. ಮದುವೆಯಿಂದಲೂ ಹೆರಿಗೆಯಿಂದಲೂ ಇದು ವಾಸಿಯಾಗುವುದಿಲ್ಲ ಅನ್ನುವುದು ಬೇರೆ ಮಾತು.

"ಇದು ಎಂಡೋಸಲ್ಫಾನ್‌ನಿಂದ ಬಂದದ್ದಾ?" ಎಂದು ಎಣ್ಮಕಜೆಯ ಕಡೆ ಕೇಳುತ್ತಾರೆ. ಗೇರು ತೋಟಗಳಿಗೆ ಸಿಂಪಡಿಸಿದ ಆ ಕೀಟನಾಶಕದಿಂದ ಅವರು ಕಂಡದ್ದು ಅಂಥದ್ದು, ಕೇಳಲೇಬೇಕು. ಆದರೆ ಹೆಸರು ಹತ್ತಿರವಿದೆ ಅಂತ ಎರಡನ್ನೂ ಗಂಟು ಹಾಕಬೇಡಿ ಎಂದು ಆಶಾಗಳಿಗೆ ಖಡಾಖಂಡಿತ ಹೇಳಿದ್ದೇನೆ.

ಈ ಹಾಳೆಯೇ ಸಂಶೋಧನೆಯಲ್ಲ. ಫೋಟೊ ತೆಗೆದು ವಾಟ್ಸಾಪಿಗೆ ಹಾಕುವುದಕ್ಕೆ ನಾನು ಬಿಟ್ಟಿಲ್ಲ. ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಬೇಕು, ಹೆಂಗಸರ ಒಪ್ಪಿಗೆ ಬೇಕು. ಎಲ್ಲ ಕಡೆ ಒಂದೇ ಥರದ ಪ್ರಶ್ನೆ ಕೇಳಿದರೆ ಮಾತ್ರ ಉತ್ತರಗಳನ್ನು ಸೇರಿಸಿ ನೋಡಬಹುದು, ಅದಕ್ಕೆಂದೇ 2014ರಲ್ಲಿ ಅಂತಾರಾಷ್ಟ್ರೀಯ ಪ್ರಶ್ನಾವಳಿ ಬಂದಿದೆ. 2023ರಲ್ಲಿ 60,000ಕ್ಕೂ ಹೆಚ್ಚು ರೋಗಿಗಳ ವಂಶವಾಹಿ ಅಧ್ಯಯನ ಪ್ರಕಟವಾಯಿತು. ಅವರೆಲ್ಲ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ನಮ್ಮವರು ಅದರಲ್ಲಿ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಂಬೈ ಸಂಸ್ಥೆ ಭಾರತದ ರೋಗಿಗಳ ಅಧ್ಯಯನ ಕೈಗೆತ್ತಿಕೊಂಡಿರುವುದು ಅದಕ್ಕೇ ಒಳ್ಳೆಯದು.

ಮೀಟಿಂಗ್ ಸಿಕ್ಕಲ್ಲೆಲ್ಲ ನಾನು ಕೇಳುವುದು ಒಂದೇ. ನಾಳೆ ಇಲ್ಲಿಗೆ ಅಧ್ಯಯನ ಬಂದರೆ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಲಿ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ಒಪ್ಪಿಗೆ ಹೇಗಾಗುತ್ತದೆ, ಅಲ್ವಾ? ಜಿಲ್ಲೆಯ ಮೀಟಿಂಗ್‌ನಲ್ಲಿ ಬರೆದುಕೊಂಡಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಹೈಸ್ಕೂಲು ಹುಡುಗಿಯರಿಗೆ ಹಾಳೆ ಕೊಡುವ ಯೋಚನೆಯಿದೆ. ಅದರ ಬಗ್ಗೆ ತಾಯಂದಿರ ಹತ್ತಿರ ಮಾತಾಡುವುದು ಜೂನ್‌ನಲ್ಲಿ, ಶಾಲೆ ಶುರುವಾದ ಮೇಲೆ.