ಎಡ ಅಂಚಿನ ಕಪ್ಪು ಗೆರೆ

ತಿಪಟೂರಿನಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಒಂದು ಪ್ರಿಂಟರ್. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನ, ಕೊಬ್ಬರಿ ಖರೀದಿ ನೋಂದಣಿಯ ಕಾಲ ಬಂದರೆ ರೈತರ ದಾಖಲೆಗಳ ಪ್ರತಿ, ಹೀಗೆ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ.

ಮೂರು ವರ್ಷದ ಹಿಂದೆ ಒಂದು ಸಂಜೆ ಮನೆಗೆ ಬೋಂಡ ಕಟ್ಟಿಸಿಕೊಂಡು ಹೋದೆ. ಪೊಟ್ಟಣ ಬಿಚ್ಚಿದರೆ ಎಣ್ಣೆಯಲ್ಲಿ ನೆನೆದ ಆಧಾರ್ ಪ್ರತಿ. ಒಬ್ಬ ಹೆಂಗಸಿನ ಮುಖ, ಗಂಡನ ಹೆಸರು, ಊರು, ಹನ್ನೆರಡೂ ಅಂಕಿ ಓದುವಂತಿದ್ದವು. ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಸಣ್ಣ ಕಪ್ಪು ಗೆರೆ. ಆ ಗೆರೆಯನ್ನು ನಾನು ದಿನವೂ ನೋಡುತ್ತಿದ್ದೆ. ನನ್ನ ಯಂತ್ರದ ಡ್ರಮ್ ಮೇಲಿನ ಗೀರಿನಿಂದ ಬರುತ್ತಿದ್ದ ಗೆರೆ ಅದು. ಸರಿಯಾಗಿ ಬಾರದ ಪ್ರತಿಗಳನ್ನು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಎಸೆಯುತ್ತಿದ್ದೆ. ತಿಂಗಳಿಗೊಮ್ಮೆ ರದ್ದಿಯವನು ಬಂದು ತೂಕ ಹಾಕಿ ಒಯ್ಯುತ್ತಿದ್ದ. ಅಂದು ರಾತ್ರಿ ಬೋಂಡ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಕಾಗದ ಚೂರು ಮಾಡುವ ಸಣ್ಣ ಯಂತ್ರಕ್ಕೆ ಹಣ ಕೊಟ್ಟೆ. ಕಾಗದದ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಪೆಟ್ಟಿಗೆಯನ್ನು ಒಮ್ಮೆ ನೋಡಿದ ಕಣ್ಣು ಅಂಗಡಿಯ ಉಳಿದ ಮೂಲೆಗಳನ್ನೂ ನೋಡತೊಡಗಿತು.

ಈಗ ಅರ್ಧಕ್ಕರ್ಧ ಗಿರಾಕಿಗಳು ದಾಖಲೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಪ್ರಿಂಟ್ ಕೇಳುತ್ತಾರೆ. ಅಂಗಡಿಯ ಮೊಬೈಲಿನಲ್ಲಿ ಬಂದ ಚಿತ್ರಗಳೆಲ್ಲ ತಾವಾಗಿ ಗ್ಯಾಲರಿಗೆ ಇಳಿಯುತ್ತಿದ್ದವು. ಅಲ್ಲಿಂದ ಫೋಟೋ ಆ್ಯಪ್ ಅವನ್ನು ಕಂಪನಿಯ ಸರ್ವರ್‌ಗೆ ಏರಿಸುತ್ತಿತ್ತು. ಫೋನ್ ಕೊಂಡ ದಿನ ಅದಕ್ಕೆ ಒಪ್ಪಿಗೆ ಒತ್ತಿದವನು ನಾನೇ. ಆ್ಯಪ್ ತೆರೆದು ನೋಡಿದಾಗ ಒಂದು ಕಡೆ ಮುಖಗಳನ್ನು ಗುಂಡಗೆ ಕತ್ತರಿಸಿ ಸಾಲಾಗಿ ಜೋಡಿಸಿತ್ತು. ಹಾಲಿನ ಡೇರಿಯವರು, ಅಂಗನವಾಡಿಯ ಅಕ್ಕ, ಎರಡನೇ ಪಿಯುಸಿಯ ಹುಡುಗಿಯರು. ಒಂದು ಮುಖ ಒತ್ತಿದರೆ ಅವರ ಆಧಾರ್, ಪಾನ್, ಪಾಸ್‌ಬುಕ್ ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಇವರಲ್ಲಿ ಒಬ್ಬರೂ ಆ ಕಂಪನಿಗೆ ಒಪ್ಪಿಗೆ ಕೊಟ್ಟವರಲ್ಲ. ಅವರೆಲ್ಲರ ಪರವಾಗಿ ನಾನೊಬ್ಬ ಒತ್ತಿದ ಗುಂಡಿ ಸಾಕಾಗಿತ್ತು.

ಅಷ್ಟನ್ನೂ ಅಳಿಸಲು ಎರಡು ಭಾನುವಾರ ಹಿಡಿಯಿತು. ಅಳಿಸಿದ್ದು ಆ್ಯಪ್‌ನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ, ಅದನ್ನೂ ಖಾಲಿ ಮಾಡಬೇಕು. ಈಗ ತಾನಾಗಿ ಇಳಿಯುವುದನ್ನೂ ಸರ್ವರ್‌ಗೆ ಏರುವುದನ್ನೂ ನಿಲ್ಲಿಸಿದ್ದೇನೆ. ಹೊಸ ಸಂದೇಶಗಳು 24 ಗಂಟೆಯಲ್ಲಿ ಮಾಯವಾಗುವಂತೆ ಇಟ್ಟಿದ್ದೇನೆ. ಪ್ರಿಂಟ್ ಕೊಟ್ಟ ಮೇಲೆ ಗಿರಾಕಿಯ ಎದುರಿಗೇ ಫೈಲ್ ಅಳಿಸುತ್ತೇನೆ. ಇಳಿಸಿಕೊಂಡ ಇ-ಆಧಾರ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಊರಿನ ಪ್ರತಿ ಜೆರಾಕ್ಸ್ ಅಂಗಡಿಯವನಿಗೂ ಅದು ಬಾಯಿಪಾಠ.

ಗಿರಾಕಿಗಳ ಮಾತನ್ನೂ ಹೇಳಬೇಕು. "ನಮ್ಮ ಹತ್ತಿರ ಕದಿಯುವುದಕ್ಕೆ ಏನಿದೆ ಅಣ್ಣಾ?" ಎಂಬುದೇ ಹೆಚ್ಚು ಕೇಳುವ ಮಾತು. ನಿವೃತ್ತ ಮೇಷ್ಟ್ರೊಬ್ಬರು, ಸರ್ಕಾರದ ಹತ್ತಿರ ಇದ್ದರೆ ಇರಲಿ, ಕಂಪನಿಗಳ ಕೈಗೆ ಹೋಗಬಾರದು ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ತಮ್ಮನ ಮಗ ಅದಕ್ಕೆ ಎದುರು. "ಕಂಪನಿ ಜಾಹೀರಾತು ತೋರಿಸೀತು ದೊಡ್ಡಪ್ಪ. ಸರ್ಕಾರ ಮನಸ್ಸು ಮಾಡಿದರೆ ಪಡಿತರವನ್ನೇ ನಿಲ್ಲಿಸಬಹುದು." ಇಬ್ಬರ ಭಯವೂ ನನಗೆ ನಿಜವೆನಿಸುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಕಾಯದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು. ಅತಿ ಹೆಚ್ಚು ಮಾಹಿತಿ ಇಟ್ಟುಕೊಂಡವರಿಗೇ ವಿನಾಯಿತಿಯ ಬಾಗಿಲು ಇಟ್ಟದ್ದು ತಪ್ಪು ಎಂದು ನಾನು ಯಾರ ಎದುರಿಗಾದರೂ ಹೇಳುತ್ತೇನೆ. ಇಂಥ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕು ನನ್ನ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯವರೆಗೆ ಬರಲು ಇನ್ನಷ್ಟು ವರ್ಷ ಬೇಕಾಯಿತು.

ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊಡಲು ಶುರುಮಾಡಿದಾಗ ಬೈಸಿಕೊಂಡದ್ದೇ ಹೆಚ್ಚು. ಒಬ್ಬ ಗಿರಾಕಿಯನ್ನು ಒಂದು ಕಚೇರಿಯವರು "ಪೂರ್ತಿ ನಂಬರ್ ಬೇಕು" ಎಂದು ವಾಪಸ್ ಕಳಿಸಿದರು. "ನಿಮ್ಮಿಂದ ಎರಡು ಸಲ ಬಸ್ ಚಾರ್ಜ್ ಆಯಿತು" ಎಂದು ಅವರು ನನ್ನ ಮೇಲೆ ಹರಿಹಾಯ್ದರು. ಅವರ ಸಿಟ್ಟು ನ್ಯಾಯವಾದದ್ದೇ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಸಿಕ್ಕಸಿಕ್ಕಲ್ಲಿ ಪ್ರತಿ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಮೇಲಿನವರೇ ಹೀಗಿರುವಾಗ ಕೌಂಟರಿನಲ್ಲಿ ಕೂತ ಗುಮಾಸ್ತರು ಯಾವುದನ್ನು ನಂಬಬೇಕು? ಈಗ ಎಲ್ಲಿಗೆ ಕೊಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಪೂರ್ತಿ ಪ್ರತಿಯೇ ಬೇಕೆಂದರೆ ಅದರ ಮೇಲೆ ಅಡ್ಡಲಾಗಿ "ಸಿಮ್ ಪಡೆಯಲು ಮಾತ್ರ" ಎಂಬಂತೆ ಉದ್ದೇಶ, ದಿನಾಂಕ ಬರೆಸಿ ಸಹಿ ಹಾಕಿಸುತ್ತೇನೆ.

ಬೆರಳಚ್ಚಿಗೆ ಬೀಗ ಹಾಕುವುದರಲ್ಲಿ, ಅಂದರೆ ಆಧಾರ್‌ನಲ್ಲಿ ಬೆರಳಚ್ಚಿನ ಬಳಕೆಯನ್ನು ತಡೆಹಿಡಿಯುವುದರಲ್ಲಿ, ನಾನೊಂದು ತಪ್ಪು ಮಾಡಿದೆ. ಬೆರಳಚ್ಚು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಸುದ್ದಿ ಓದಿ, ಕಂಡವರಿಗೆಲ್ಲ ಬೀಗ ಹಾಕಿಕೊಡುತ್ತಿದ್ದೆ. ಮುಂದಿನ ತಿಂಗಳು ಒಬ್ಬ ಅಜ್ಜಿ ಚೀಲ ಹಿಡಿದು ಬಂದು ನಿಂತರು. ನ್ಯಾಯಬೆಲೆ ಅಂಗಡಿಯಲ್ಲಿ ಅವರ ಬೆರಳನ್ನು ಯಂತ್ರ ಒಪ್ಪಿರಲಿಲ್ಲ, ಅಕ್ಕಿ ಸಿಕ್ಕಿರಲಿಲ್ಲ. ಬೀಗವನ್ನು ತಾತ್ಕಾಲಿಕವಾಗಿ ತೆರೆಯಬಹುದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಅದು ಇದ್ದದ್ದು ಪೀಣ್ಯದಲ್ಲಿದ್ದ ಮಗನ ಹತ್ತಿರ. ಅಂದಿನಿಂದ ಪಡಿತರಕ್ಕೆ ಬೆರಳು ಒತ್ತುವವರಿಗೆ, ಮನೆಯಲ್ಲಿ ಫೋನ್ ನೋಡಿಕೊಳ್ಳುವವರು ಇಲ್ಲದಿದ್ದರೆ, ಬೀಗ ಹಾಕಿಕೊಡುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ಪಾಸ್‌ಬುಕ್‌ನ ರಟ್ಟಿನ ಮೇಲೆ ದಪ್ಪಗೆ ಬರೆದುಕೊಡುತ್ತೇನೆ.

ಹೇಳಲು ಹೆಚ್ಚು ನಾಚಿಕೆಯಾಗುವುದು ಅಂಗಡಿಯ ನೋಟ್‌ಬುಕ್ಕಿನ ವಿಷಯ. ಅರ್ಜಿಗೆ ಇಮೇಲ್ ಬೇಕೆಂದರೆ ನಾನೇ ತೆರೆದುಕೊಡುತ್ತಿದ್ದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅಂಗಡಿಯ ಹೆಸರಿನ ಮುಂದೆ 123. ಮೊಬೈಲ್ ಇಲ್ಲದವರಿಗೆ ನನ್ನದೇ ನಂಬರ್. "ನೀವೇ ಇಟ್ಟುಕೊಂಡಿರಿ ಅಣ್ಣಾ, ನಮ್ಮ ಹತ್ತಿರ ಇದ್ದರೆ ಕಳೆದುಹೋಗುತ್ತದೆ" ಎಂದು ಅವರೇ ಹೇಳುತ್ತಿದ್ದರು. ಅದು ನಂಬಿಕೆ. ಆದರೆ ನೋಟ್‌ಬುಕ್ ಕೌಂಟರಿನ ಮೇಲೆ ಬಿದ್ದಿರುತ್ತಿತ್ತು, ಪೆನ್ನು ಹುಡುಕುವ ಯಾರು ಬೇಕಾದರೂ ತಿರುವಿಹಾಕುತ್ತಿದ್ದರು.

ಈಗ ಪಾಸ್‌ವರ್ಡ್ ಅನ್ನು ಗಿರಾಕಿಗಳೇ ಟೈಪ್ ಮಾಡಬೇಕು, ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಬರೆದ ಚೀಟಿ ಅವರ ಮನೆಯಲ್ಲಿ ರೇಷನ್ ಕಾರ್ಡಿನ ಜೊತೆಗಿರುತ್ತದೆ. ಹಳೆಯ ನೋಟ್‌ಬುಕ್ಕನ್ನು ಸುಟ್ಟುಹಾಕೋಣವೆಂದರೆ, ಯಾರ್‍ಯಾರ ಪಾಸ್‌ವರ್ಡ್ ಬದಲಿಸಬೇಕು ಎಂಬುದಕ್ಕೆ ಇರುವುದು ಅದೊಂದೇ ಪಟ್ಟಿ. ಮನೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಬೆಳಿಗ್ಗೆ ಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು ಬರುತ್ತೇನೆ, ಊಟದ ಹೊತ್ತಿನಲ್ಲಿ ಅವರಿಗೆ ಫೋನ್ ಮಾಡಿ ಅಂಗಡಿಗೆ ಬರಲು ಹೇಳುತ್ತೇನೆ. ಬಂದು ಬದಲಿಸಿಕೊಂಡವರ ಹೆಸರಿನ ಮೇಲೆ ರಾತ್ರಿ ಗೆರೆ ಎಳೆಯುತ್ತೇನೆ. ಇನ್ನೂ ನಲವತ್ತೊಂದು ಹೆಸರುಗಳು ಉಳಿದಿವೆ.