ನನ್ನ ಶೆಡ್ಡಿನ ಪವರ್ ಹ್ಯಾಕ್ಸಾ

50 ಮಿಲಿಮೀಟರ್ ದಪ್ಪದ ಇಎನ್8 ಉಕ್ಕಿನ ಸರಳನ್ನು ಕೈಗರಗಸದಲ್ಲಿ ಒಮ್ಮೆಯಾದರೂ ಕೊಯ್ದವರಿಗೆ ಮೋಟಾರಿನಿಂದ ಓಡುವ ಲೋಹದ ಗರಗಸ, ಅಂದರೆ ಪವರ್ ಹ್ಯಾಕ್ಸಾ, ಏಕೆ ಬೇಕೆಂದು ವಿವರಿಸುವ ಅಗತ್ಯವಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಇಟ್ಟುಕೊಂಡ ಮೇಲೆ ಸರಳು ಕೊಯ್ಯುವುದರಲ್ಲೇ ನನ್ನ ಭಾನುವಾರಗಳು ಕಳೆದುಹೋಗುತ್ತಿದ್ದವು. ಕೊನೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಸಣ್ಣ ವರ್ಕ್‌ಶಾಪೊಂದರಿಂದ 7 ಇಂಚು ದಪ್ಪದವರೆಗೆ ಕೊಯ್ಯಬಲ್ಲ ಹಳೆಯ ಯಂತ್ರವನ್ನು ಗುಜರಿಯ ತೂಕದ ಲೆಕ್ಕದಲ್ಲಿ ಕೊಂಡು ತಂದೆ.

ಅದರ ಮೋಟಾರು 1 ಎಚ್‌ಪಿಯ ತ್ರೀ ಫೇಸ್. ಮನೆಯಲ್ಲಿರುವುದು ಸಿಂಗಲ್ ಫೇಸ್. ಮೋಟಾರು ಬದಲಿಸುವ ಬದಲು ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಚಿಕ್ಕದೊಂದು ವಿಎಫ್‌ಡಿ ಹಾಕಿ, ಮೋಟಾರಿನ ಸುರುಳಿಗಳ 415 ವೋಲ್ಟಿನ ಸ್ಟಾರ್ ಜೋಡಣೆಯನ್ನು 230 ವೋಲ್ಟಿಗೆ ಹೊಂದುವಂತೆ ಡೆಲ್ಟಾ ಮಾಡಿಸಿದೆ. ಈ ಕೆಲಸವನ್ನೂ ಅರ್ತಿಂಗನ್ನೂ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ.

ಮೊದಲ ದಿನ ಯಂತ್ರ ಹತ್ತು ನಿಮಿಷ ಓಡಿದರೂ ಸರಳಿನ ಮೇಲೆ ಹೊಳೆಯುವ ಗೆರೆಯೊಂದು ಬಿದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕೈಗರಗಸದ ರೂಢಿಯಂತೆ ಹಲ್ಲುಗಳು ಮುಂದಕ್ಕೆ ಮುಖ ಮಾಡುವಂತೆ ನಾನು ಬ್ಲೇಡ್ ಕಟ್ಟಿದ್ದೆ. ಈ ಯಂತ್ರವಾದರೋ ಬ್ಲೇಡಿನ ಫ್ರೇಮನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವ ಕ್ರ್ಯಾಂಕಿನ ಕಡೆಗೆ ಎಳೆಯುವಾಗ ಕೊಯ್ಯುತ್ತದೆ. ಬ್ಲೇಡನ್ನು ತಿರುಗಿಸಿ ಹಾಕಿದೊಡನೆ ಕಬ್ಬಿಣದ ಚೂರು ಸುರುಳಿಯಾಗಿ ಬರತೊಡಗಿತು. ಆದರೂ ಹಲ್ಲುಗಳು ಬೇಗ ಮೊಂಡಾಗುತ್ತಿದ್ದವು. ಮರಳುವ ಸ್ಟ್ರೋಕಿನಲ್ಲಿ ಫ್ರೇಮು ಕೂದಲೆಳೆಯಷ್ಟಾದರೂ ಮೇಲೇಳಬೇಕು, ಇಲ್ಲವಾದರೆ ಹಲ್ಲಿನ ಬೆನ್ನು ಲೋಹವನ್ನು ಉಜ್ಜುತ್ತಲೇ ಇರುತ್ತದೆ. ನನ್ನ ಯಂತ್ರದಲ್ಲಿ ಫ್ರೇಮನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರಿನಲ್ಲಿ ಎಣ್ಣೆಯ ಬದಲು ಕಾಕಂಬಿಯಂತಹ ಗಸಿ ತುಂಬಿಕೊಂಡಿತ್ತು. ಅದನ್ನು ಬಸಿದು, ಸೀಮೆಎಣ್ಣೆಯಲ್ಲಿ ತೊಳೆದು, 68 ನಂಬರಿನ ಹೈಡ್ರಾಲಿಕ್ ಎಣ್ಣೆ ತುಂಬಿದ ಮೇಲೆ ಫ್ರೇಮು ಏಳತೊಡಗಿತು.

ನನ್ನನ್ನು ಹೆಚ್ಚು ಕಾಡಿದ್ದು ಓರೆ ಕೊಯ್ತ. 50 ಮಿಲಿಮೀಟರಿನ ಸರಳಿನಲ್ಲಿ ಒಂದು ಬದಿಗಿಂತ ಇನ್ನೊಂದು ಬದಿ 2 ಮಿಲಿಮೀಟರ್ ಉದ್ದ ಬರುತ್ತಿತ್ತು. ಸವೆದ ಯಂತ್ರ ತಂದೆನೆಂದು ಹಳಹಳಿಸಿದೆನಾದರೂ ತಪ್ಪು ಇದ್ದದ್ದು ಸರಳನ್ನು ಬಿಗಿದು ಹಿಡಿಯುವ ವೈಸಿನ ಕದಲದ ದವಡೆಯಲ್ಲಿ. ಅದರ ಬೋಲ್ಟ್ ಸಡಿಲಿಸಿ, ಮೂಲೆಮಟ್ಟದ ಒಂದು ತೋಳನ್ನು ಆ ದವಡೆಗೂ ಇನ್ನೊಂದನ್ನು ಬ್ಲೇಡಿನ ಮೈಗೂ ತಾಗಿಸಿ ಹೊಂದಿಸಿದೆ. ಮಟ್ಟವನ್ನು ಹಲ್ಲಿನ ಸಾಲಿಗೆ ತಾಗಿಸಬಾರದು, ಏಕೆಂದರೆ ಹಲ್ಲುಗಳು ಎಡಕ್ಕೂ ಬಲಕ್ಕೂ ಬಾಗಿರುತ್ತವೆ. ಬ್ಲೇಡನ್ನೂ ಇನ್ನಷ್ಟು ಬಿಗಿದೆ. ಬೆರಳಿನಿಂದ ಮೀಟಿದರೆ ಅದು ಮಂದವಾಗಿ ಸದ್ದು ಮಾಡದೆ ಟಣ್ಣೆನ್ನಬೇಕು. ಈಗ ಅದೇ ಸರಳಿನಲ್ಲಿ ವ್ಯತ್ಯಾಸ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ, ಉಳಿದದ್ದನ್ನು ಲೇತಿನಲ್ಲಿ ಫೇಸಿಂಗ್ ಮಾಡಿ, ಅಂದರೆ ತುದಿಯನ್ನು ಸಮತಟ್ಟಾಗಿ ಕಡೆದು, ತೆಗೆಯುತ್ತೇನೆ.

ಒಳಗೆ ಪೊಳ್ಳಿಲ್ಲದ ಸರಳಿಗೆ ಇಂಚಿಗೆ 10 ಹಲ್ಲಿನ, 14 ಇಂಚು ಉದ್ದದ, ಹೈ ಸ್ಪೀಡ್ ಸ್ಟೀಲ್ ಅಂದರೆ ಎಚ್‌ಎಸ್‌ಎಸ್ ಬ್ಲೇಡ್ ಸಾಕು. ಎಲ್ ಆಕಾರದ ತೆಳು ಆ್ಯಂಗಲ್ ಕೊಯ್ಯುವಾಗ 14 ಹಲ್ಲಿನದನ್ನು ಹಾಕಿ, ಆ್ಯಂಗಲಿನ ಬೆನ್ನು ಮೇಲಾಗುವಂತೆ ಗುಡಿಸಲಿನ ಮಾಡಿನ ಹಾಗೆ ಮಗುಚಿ ಹಿಡಿಯುತ್ತೇನೆ. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲಿರದಿದ್ದರೆ ಹಲ್ಲು ಮುರಿಯುತ್ತದೆ. ಗಿಡ್ಡ ತುಂಡನ್ನು ವೈಸಿನ ಒಂದು ಬದಿಯಲ್ಲಿ ಹಿಡಿದಾಗ ಅಷ್ಟೇ ದಪ್ಪದ ಇನ್ನೊಂದು ತುಂಡನ್ನು ಮತ್ತೊಂದು ಬದಿಗೆ ಕೊಡದಿದ್ದರೆ ದವಡೆ ಓರೆಯಾಗಿ ಹಿಡಿತ ತಪ್ಪುತ್ತದೆ.

ಅರ್ಧ ಕೊಯ್ದಾಗ ಬ್ಲೇಡ್ ಮುರಿದರೆ ಹೊಸದನ್ನು ಅದೇ ಸೀಳಿಗೆ ಇಳಿಸುವ ಆತುರ ಯಾರಿಗಾದರೂ ಬರುತ್ತದೆ. ನಾನೂ ಇಳಿಸಿದೆ; ಹಳೆಯ ಬ್ಲೇಡಿನ ಹಲ್ಲು ಸವೆದು ಸೀಳು ಕಿರಿದಾಗಿದ್ದರಿಂದ ಹೊಸದು ಅಲ್ಲೇ ಸಿಕ್ಕಿಕೊಂಡು ಎರಡನೆಯ ಸ್ಟ್ರೋಕಿಗೇ ಎರಡು ತುಂಡಾಯಿತು. ಅಂದಿನಿಂದ ಸರಳನ್ನು ಅರ್ಧ ಸುತ್ತು ತಿರುಗಿಸಿ ಎದುರು ಬದಿಯಿಂದ ಹೊಸ ಸೀಳು ತೆಗೆಯುತ್ತೇನೆ. ನೀರಿಗೆ ಇಪ್ಪತ್ತರಲ್ಲೊಂದು ಪಾಲು ಕಟಿಂಗ್ ಆಯಿಲ್ ಬೆರೆಸಿದ ಹಾಲಿನಂತಹ ದ್ರವ ಸೀಳಿನ ಮೇಲೆ ಸುರಿಯುತ್ತಿರುವಾಗ, ನಿಮಿಷಕ್ಕೆ 80 ಸ್ಟ್ರೋಕಿನಂತೆ ಈ ಯಂತ್ರ ಐದಾರು ನಿಮಿಷಕ್ಕೆ ಒಂದು ತುಂಡು ಇಳಿಸುತ್ತದೆ. ಕೊನೆಯಲ್ಲಿ ತಾನಾಗಿ ನಿಲ್ಲಿಸುವ ಸ್ವಿಚ್ ಒಮ್ಮೊಮ್ಮೆ ಕೈಕೊಡುವುದರಿಂದ ಅಲ್ಲಿಂದ ಕದಲದೆ, ಮುಂದಿನ ತುಂಡಿನ ಗುರುತು ಹಾಕುತ್ತಾ ಪಕ್ಕದಲ್ಲೇ ನಿಂತಿರುತ್ತೇನೆ.